ವಾರದ ಟ್ರೋಫಿ ಫಿಶಿಂಗ್ ಪ್ಯಾಕೇಜ್: ಕರಪತ್ರದಲ್ಲಿ ಇಲ್ಲದ ಲೆಕ್ಕ

ಏಳು ರಾತ್ರಿ, ಎಂಟು ಹಗಲು, ಊಟ-ವಸತಿ ಸೇರಿ, ಅನುಭವಿ ಗೈಡ್. ಕೆಳಗೆ ಬೆವರಿಳಿಸಿಕೊಂಡ ಮನುಷ್ಯನೊಬ್ಬ ತಬ್ಬಿ ಹಿಡಿದ ನಲವತ್ತು ಕೆಜಿ ಮೀನಿನ ಫೋಟೊ. ದೊಡ್ಡ ಮೀನಿನ ಬೆನ್ನು ಹತ್ತಿ ಹೊರದೇಶಕ್ಕೆ ಹೋಗುವವರಿಗೆ ಮಾರುವ ಪ್ಯಾಕೇಜುಗಳ ಕರಪತ್ರ ಎಲ್ಲ ಕಡೆಯೂ ಹೆಚ್ಚುಕಡಿಮೆ ಹೀಗೇ. ಈ ವಿಮರ್ಶೆಯಲ್ಲಿ ಅವನ್ನು ಅಳೆದಿರುವುದು ಒಂದೇ ಗಜಕಡ್ಡಿಯಿಂದ: ಮೀನಿರುವ ನೀರಿನಲ್ಲಿ, ಮೀನು ಕಚ್ಚುವ ಹೊತ್ತಿನಲ್ಲಿ, ನಿಮ್ಮ ಗಾಳ ಎಷ್ಟು ಗಂಟೆ ಇರುತ್ತದೆ? ಹಾಸಿಗೆ, ಬಫೆ, ವೈಫೈ ಎಲ್ಲ ಆಮೇಲಿನ ಮಾತು.

ಎಂಟು ಹಗಲಿನಲ್ಲಿ ಮೊದಲನೆಯದು ಬಂದು ಸೇರುವುದಕ್ಕೆ, ಕೊನೆಯದು ಹೊರಡುವುದಕ್ಕೆ. ಉಳಿದದ್ದು 6. ಬೆಳಿಗ್ಗೆ 7ಕ್ಕೆ ಹೊರಟ ಬೋಟ್ ಸಂಜೆ 4ಕ್ಕೆ ವಾಪಸಾದರೆ 9 ಗಂಟೆ. ಹೋಗಲು ಒಂದೂವರೆ, ಬರಲು ಒಂದೂವರೆ ಕಳೆದರೆ 6. ಅಂದರೆ ವಾರಕ್ಕೆ 36 ಗಂಟೆ. ಇನ್ನು ಬೋಟಿನಲ್ಲಿ ಎಷ್ಟು ಜನ ಅನ್ನುವುದು. ಜೈಂಟ್ ಟ್ರೆವಲಿ ಎಂಬ ಹವಳದ ದಿಬ್ಬಗಳ ದೊಡ್ಡ ಮೀನಿಗೆ, ಎಲ್ಲರೂ ಹೇಳುವಂತೆ ಜಿಟಿಗೆ, 120-150 ಗ್ರಾಂ ತೂಕದ ಪಾಪರ್ (ನೀರಿನ ಮೇಲೆ ಆಡಿಸುವ ನಕಲಿ ಮೀನು) ಎಸೆಯುವಾಗ ಸಾಮಾನ್ಯ ಗಾತ್ರದ ಬೋಟಿನಲ್ಲಿ ಒಮ್ಮೆಗೆ ಇಬ್ಬರಿಗಿಂತ ಹೆಚ್ಚು ಜನ ರಾಡ್ ಬೀಸಿದರೆ ಯಾರದಾದರೂ ಕಿವಿಗೆ ಹುಕ್ ಚುಚ್ಚುವುದು ಖಾತ್ರಿ. ಆದ್ದರಿಂದ ನಾಲ್ವರನ್ನು ಹತ್ತಿಸಿಕೊಂಡ ಬೋಟಿನಲ್ಲಿ ನಿಮ್ಮ ಪಾಲು 18 ಗಂಟೆ. ಒಟ್ಟು ಬೆಲೆಯನ್ನು ಈ 18ರಿಂದ ಭಾಗಿಸಿ ನೋಡಿ. ಇಬ್ಬರ ಬೋಟಿನ ಪ್ಯಾಕೇಜ್ ಒಂದೂವರೆ ಪಟ್ಟು ದುಬಾರಿಯಾದರೂ ಗಂಟೆಯ ಲೆಕ್ಕದಲ್ಲಿ ಅದೇ ಅಗ್ಗ. ಭರ್ಜಿಮೂತಿಯ ದೊಡ್ಡ ಸಮುದ್ರ ಮೀನಾದ ಮಾರ್ಲಿನ್ ಹಿಡಿಯುವ ಬೋಟಿನಲ್ಲಂತೂ ಮೀನಿನ ಜೊತೆ ಸೆಣಸಲು ಕೂರುವ ಕುರ್ಚಿ ಒಂದೇ; ನಾಲ್ವರಿದ್ದರೆ ಸರದಿ ಬರುವುದು ನಾಲ್ಕು ಕಚ್ಚಿಗೊಂದು ಸಲ, ಕೆಲವು ದಿನ ಇಡೀ ಬೋಟಿಗೆ ಒಂದೂ ಕಚ್ಚು ಇರುವುದಿಲ್ಲ.

ಮಾರುವವನಿಗೆ ಮೊದಲು ಕೇಳಬೇಕಾದ ಪ್ರಶ್ನೆಗಳೂ ಇವೇ: ಬೋಟಿಗೆ ಎಷ್ಟು ಜನ, ಬಿಡುವುದು ಎಷ್ಟಕ್ಕೆ, ಮೀನಿನ ಜಾಗಕ್ಕೆ ಎಷ್ಟು ಹೊತ್ತಿನ ಪಯಣ, ಹೆಚ್ಚಿನ ಡೀಸೆಲ್ ಖರ್ಚು ಯಾರದು. ಕೊನೆಯದನ್ನು ಮರೆಯುವವರೇ ಹೆಚ್ಚು. ಡೀಸೆಲ್ ಲಾಡ್ಜಿನ ಖರ್ಚಾದರೆ ಕ್ಯಾಪ್ಟನ್‌ಗೆ ಹತ್ತಿರದ ಹವಳದ ದಿಬ್ಬವೇ ಸ್ವರ್ಗವಾಗಿ ಕಾಣುತ್ತದೆ. ದೂರದ ಜಾಗಕ್ಕೆ ಇಂತಿಷ್ಟು ಹೆಚ್ಚುವರಿ ಎಂದು ಮೊದಲೇ ಬರೆದುಕೊಡುವ ಲಾಡ್ಜ್ ಮೇಲು.

ಬುಕ್ ಮಾಡುವ ದಾರಿ ಮೂರು. ನೇರವಾಗಿ ಬೋಟ್ ಅಥವಾ ಲಾಡ್ಜಿನವರನ್ನು ಹಿಡಿಯುವುದು, ಏಜೆಂಟ್ ಮೂಲಕ ಹೋಗುವುದು, ಇಲ್ಲವೇ ನುರಿತವನೊಬ್ಬ ಗುಂಪು ಕಟ್ಟಿಕೊಂಡು ಹೋಗುವ ಹೋಸ್ಟೆಡ್ ಟ್ರಿಪ್. ಏಜೆಂಟನಿಗೆ ಸಾಮಾನ್ಯವಾಗಿ ಕಮಿಷನ್ ಕೊಡುವುದು ಲಾಡ್ಜ್, ಹಾಗಾಗಿ ಅವನ ಮೂಲಕ ಹೋದರೆ ಬೆಲೆ ಏರಲೇಬೇಕೆಂದಿಲ್ಲ. ಎರಡೂ ಕಡೆ ದರ ಕೇಳಿ ನೋಡಿದರೆ ತಿಳಿದುಹೋಗುತ್ತದೆ. ಒಳ್ಳೆಯ ಏಜೆಂಟ್ ಬೆಲೆ ಬಾಳುವುದು ವಿಮಾನ, ಸಣ್ಣ ವಿಮಾನ, ಜೀಪು, ದೋಣಿ ಎಂದು ನಾಲ್ಕು ಕೊಂಡಿಗಳಿರುವ ಪ್ರಯಾಣದಲ್ಲಿ. ಒಂದು ಕೊಂಡಿ ಕಳಚಿದಾಗ ಫೋನ್ ಎತ್ತುವವನೊಬ್ಬ ಬೇಕು. ಹೋಸ್ಟೆಡ್ ಟ್ರಿಪ್‌ನಲ್ಲಿ ಒಂದು ಮಾತು ಮೊದಲೇ ಸ್ಪಷ್ಟವಾಗಲಿ: ಕರೆದೊಯ್ಯುವವನು ತಾನೂ ಗಾಳ ಹಾಕುತ್ತಾನೋ, ಹಾಕಿದರೆ ಯಾರ ಸರದಿಯಲ್ಲಿ? ಅವನ ಸೀಟು ಹೆಚ್ಚಾಗಿ ಪುಕ್ಕಟೆ. ಬೋಟಿನ ಮೂತಿಯಲ್ಲಿನ ಒಳ್ಳೆಯ ಜಾಗವನ್ನೂ ಅವನೇ ಹಿಡಿದರೆ ಅದು ಅವನ ರಜೆ, ನಿಮ್ಮ ದುಡ್ಡು.

ಜಾಗ ಆರಿಸುವಾಗ ದಾಖಲೆಗಳ ಪಟ್ಟಿ ನೋಡಿಕೊಂಡು ಕೂರುವವರುಂಟು. 1953ರಲ್ಲಿ ಪೆರುವಿನ ಕಾಬೊ ಬ್ಲಾಂಕೊದಲ್ಲಿ ಆಲ್ಫ್ರೆಡ್ ಗ್ಲಾಸೆಲ್ ಹಿಡಿದ 1,560 ಪೌಂಡ್, ಅಂದರೆ ಸುಮಾರು 707 ಕೆಜಿಯ ಕಪ್ಪು ಮಾರ್ಲಿನ್ ಇಂದಿಗೂ ದಾಖಲೆಯೇ. ಆದರೆ ಅಲ್ಲಿನ ಮಾರ್ಲಿನ್ ವೈಭವ ಮುಂದಿನ ದಶಕಗಳಲ್ಲೇ ಇಳಿದುಹೋಯಿತು. ಇಂದು ಸಾವಿರ ಪೌಂಡ್ ದಾಟಿದ ಕಪ್ಪು ಮಾರ್ಲಿನ್ ಬೇಕೆಂದವರು ಹೋಗುವುದು ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫಿನ ಉತ್ತರಕ್ಕೆ, ಕೇನ್ಸ್‌ನಿಂದ ಲಿಜರ್ಡ್ ದ್ವೀಪದವರೆಗಿನ ರಿಬ್ಬನ್ ರೀಫ್‌ಗಳ ಹೊರ ಅಂಚಿಗೆ, ಸೆಪ್ಟೆಂಬರ್‌ನಿಂದ ಡಿಸೆಂಬರ್ ಆರಂಭದೊಳಗೆ. ಇಲ್ಲಿ ದಡದ ಹೋಟೆಲಿನಲ್ಲಿ ಉಳಿಯುವ ಪ್ಯಾಕೇಜಿಗಿಂತ ಬೋಟಿನಲ್ಲೇ ಮಲಗುವ ಅಥವಾ ದೊಡ್ಡ ಹಡಗನ್ನು ತಂಗುದಾಣ ಮಾಡಿಕೊಂಡ ಪ್ಯಾಕೇಜಿಗೆ ನಮ್ಮ ಮತ. ದಿನವೂ ಹೋಗಿಬರುವ ಗಂಟೆಗಳು ಉಳಿಯುತ್ತವೆ. ಇನ್ನೊಂದು ವಿಷಯ: ರಾಡ್, 130 ಪೌಂಡ್ ಎಳೆತ ತಾಳುವ ಲೈನ್ ಸುತ್ತಿದ ರೀಲ್, ತಂತಿ, ಹುಕ್, ಬೆಲ್ಟ್ ಎಲ್ಲವನ್ನೂ ಬೋಟಿನವರೇ ಇಟ್ಟಿರುತ್ತಾರೆ, ಚೆನ್ನಾಗಿಯೇ ಇಟ್ಟಿರುತ್ತಾರೆ. ಈ ಟ್ರಿಪ್ಪಿಗೆ ಸ್ವಂತ ಸಲಕರಣೆ ಹೊತ್ತೊಯ್ಯುವುದು ಶುದ್ಧ ದಂಡ.

ಋತು ಅಂದರೆ ಕ್ಯಾಲೆಂಡರ್ ಅಲ್ಲ, ನೀರು. ಇದು ಎಲ್ಲಕ್ಕಿಂತ ಹೆಚ್ಚು ಎದ್ದು ಕಾಣುವುದು ಬ್ರೆಜಿಲ್‌ನ ರಿಯೊ ನೆಗ್ರೊ ನದಿಯಲ್ಲಿ. 2010ರಲ್ಲಿ 13.19 ಕೆಜಿಯ ದಾಖಲೆಯ ಪೀಕಾಕ್ ಬಾಸ್ ಸಿಕ್ಕಿದ ನದಿ ಇದೇ. ನದಿ ಇಳಿದಾಗ ಮೀನೆಲ್ಲ ಹರಿವಿನ ಪಾತ್ರಕ್ಕೂ ಪಕ್ಕದ ಕೊಳಗಳಿಗೂ ಬಂದು ಸೇರುತ್ತದೆ. ನೀರೇರಿದರೆ ಅದೇ ಮೀನು ಮುಳುಗಿದ ಕಾಡಿನೊಳಗೆ ಮರಗಳ ನಡುವೆ ಹರಡಿಹೋಗುತ್ತದೆ. ಅಲ್ಲಿಗೆ ನಿಮ್ಮ ಲ್ಯೂರ್ (ನಕಲಿ ಎರೆ) ಎಸೆಯಲು ಕೋತಿಯೇ ಆಗಬೇಕು. ಮನೌಸ್ ನಗರದ ಬಳಿ ನದಿಯ ಮಟ್ಟ ವರ್ಷದಲ್ಲಿ ಸುಮಾರು 10 ಮೀಟರ್ ಏರಿಳಿಯುತ್ತದೆ, ಅಲ್ಲಿನ ಬಂದರಿನಲ್ಲಿ 1902ರಿಂದ ಅದರ ದಾಖಲೆ ಇದೆ. ಆದರೆ ಮೀನು ಹಿಡಿಯುವುದು ಮೇಲ್ದಂಡೆಯ ಬಾರ್ಸೆಲೋಸ್, ಸಾಂಟಾ ಇಸಾಬೆಲ್ ಕಡೆ. ಅಲ್ಲಿನ ಮಟ್ಟ ಮನೌಸ್‌ಗಿಂತ ಬೇರೆಯೇ ಆಟವಾಡುತ್ತದೆ. ಕೇಳಬೇಕಾದದ್ದು ಅಲ್ಲಿನ ಅಂಕಿ. ನೆಲದ ಮೇಲೆ ಕಟ್ಟಿದ ಲಾಡ್ಜ್ ಎಷ್ಟೇ ಸೊಗಸಾಗಿದ್ದರೂ ಈ ನದಿಯಲ್ಲಿ ನಾವು ಮೇಲೆ ಇಡುವುದು ತೇಲುವ ಮನೆಗಳನ್ನೇ, ಏಕೆಂದರೆ ಅವುಗಳನ್ನು ಎಳೆದುಕೊಂಡು ನೀರು ಇಳಿದಿರುವ ಉಪನದಿಗೆ ಹೋಗಬಹುದು. ನೀರೇರಿದ ವಾರ ಲಾಡ್ಜ್ ಏನು ಮಾಡುತ್ತದೆ, ದಿನಾಂಕ ಬದಲಿಸುತ್ತದೋ ಅಥವಾ ಹೇಗಿದ್ದರೂ ಬನ್ನಿ ಎನ್ನುತ್ತದೋ ಎಂಬುದು ಬರಹದಲ್ಲಿರಲಿ. ಹಳದಿ ಜ್ವರದ ಲಸಿಕೆಯನ್ನೂ ಕೊನೆಗೆ ತಳ್ಳಬೇಡಿ. ಅದರ ಪ್ರಮಾಣಪತ್ರ ಲೆಕ್ಕಕ್ಕೆ ಬರುವುದು ಚುಚ್ಚಿಸಿಕೊಂಡ 10 ದಿನಗಳ ನಂತರ.

ಹವಳದ ದಿಬ್ಬಗಳ ಜಿಟಿಗೆ ಉಬ್ಬರ-ಇಳಿತವೇ ಗಡಿಯಾರ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚಿನ ದಿನಗಳಲ್ಲಿ ಹರಿವು ಜೋರು, ಆ ವಾರಗಳೇ ಮೊದಲು ಬುಕ್ ಆಗುತ್ತವೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ, ವಾರವಿಡೀ ಬೆಳಿಗ್ಗೆ ಎಂಟಕ್ಕೇ ಬೋಟ್ ಬಿಡುವ ಲಾಡ್ಜ್ ನಡೆಸುತ್ತಿರುವುದು ಮೀನಿನ ವೇಳಾಪಟ್ಟಿಯನ್ನಲ್ಲ, ಅಡುಗೆಮನೆಯದನ್ನು. ಹೊರಡುವ ಸಮಯ ದಿನದಿನಕ್ಕೆ ಬದಲಾಗುತ್ತದೆ ಎಂದು ತಾನಾಗಿಯೇ ಹೇಳುವ ಕ್ಯಾಪ್ಟನ್ ಸಿಕ್ಕರೆ ಬಿಡಬೇಡಿ.

ಕೆನಡಾದ ಫ್ರೇಸರ್ ನದಿಯ ಬಿಳಿ ಸ್ಟರ್ಜನ್‌ಗೆ ಇಷ್ಟೆಲ್ಲ ತಲೆನೋವಿಲ್ಲ. ಊರಿಗೆ ವಿಮಾನವಿದೆ, ರಸ್ತೆಯಿದೆ, ದಿನದ ಲೆಕ್ಕದಲ್ಲಿ ಬೋಟ್ ಸಿಗುತ್ತದೆ. ನೇರವಾಗಿ ಬುಕ್ ಮಾಡಿ, ಏಜೆಂಟ್ ಬೇಡ. ಲೈಸೆನ್ಸಿನ ಜೊತೆ ಸ್ಟರ್ಜನ್‌ಗೆಂದೇ ಇರುವ ಸಂರಕ್ಷಣಾ ಶುಲ್ಕ ಕಟ್ಟಬೇಕು, ಹುಕ್‌ಗೆ ಬಾರ್ಬ್ (ಮೊನೆಯ ಹಿಂಬದಿಯ ಮುಳ್ಳು) ಇರಕೂಡದು, ಹಿಡಿದ ಪ್ರತಿ ಮೀನನ್ನೂ ಬಿಡಲೇಬೇಕು. ದೊಡ್ಡ ಮೀನನ್ನು ನೀರಿನಿಂದ ಎತ್ತುವಂತಿಲ್ಲ, ಆದ್ದರಿಂದ ಫೋಟೊ ಬೇಕಾದರೆ ಸೊಂಟದ ಮಟ್ಟ ನೀರಿಗಿಳಿಯಬೇಕು. ಚಳಿಗಾಲದ ತಿಂಗಳಲ್ಲಿ ಹೋಗುವವರು ವೇಡರ್ (ನೀರಿಗಿಳಿಯಲು ಹಾಕುವ ನೀರು ಹಿಡಿಯದ ಉಡುಪು) ಕೊಡುತ್ತೀರಾ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಇಲ್ಲಿನ ಹಲವು ಗೈಡ್‌ಗಳು ಸ್ಥಳೀಯ ಸಂರಕ್ಷಣಾ ಸಂಸ್ಥೆಯ ಟ್ಯಾಗಿಂಗ್ ಕೆಲಸದಲ್ಲಿ ಸ್ವಯಂಸೇವಕರು. ಸ್ಕ್ಯಾನರ್ ಹಿಡಿದು ಮೀನಿನ ಚಿಪ್ ಓದಿ, ಉದ್ದ-ಸುತ್ತಳತೆ ಬರೆದುಕೊಂಡು ಬಿಡುತ್ತಾರೆ. ಗೈಡ್ ಆರಿಸಲು ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ.

ಮಂಗೋಲಿಯದ ನದಿಗಳ ದೊಡ್ಡ ಮೀನು ಟೈಮನ್ ಇದಕ್ಕೆ ತದ್ವಿರುದ್ಧ. ಮೊಟ್ಟೆಯಿಡುವ ಕಾಲವೆಂದು ಜೂನ್ ಮಧ್ಯದವರೆಗೆ ನದಿ ಮುಚ್ಚಿರುತ್ತದೆ, ಪರ್ಮಿಟ್ ಕಡ್ಡಾಯ, ಬಾರ್ಬ್ ಇಲ್ಲದ ಒಂಟಿ ಹುಕ್, ಹಿಡಿದದ್ದನ್ನು ಬಿಡಬೇಕು. ರಸ್ತೆಯೇ ಇಲ್ಲದ ಕಡೆ ಕ್ಯಾಂಪ್ ಹಾಕಿಕೊಡುವವರಿಲ್ಲದೆ ಇಲ್ಲಿ ಕೆಲಸ ನಡೆಯದು, ಏಜೆಂಟ್ ಬೇಕೇಬೇಕು. ಪರ್ಮಿಟ್ ಸಂಖ್ಯೆಯನ್ನು ಮುಂಗಡಕ್ಕೆ ಮೊದಲೇ ಕೇಳಿ. ನಾರ್ವೆಗೆ ಹ್ಯಾಲಿಬಟ್ ಹಿಡಿಯಲು ಹೋಗುವವರಿಗೆ ನೆನಪಿರಬೇಕಾದದ್ದು ಎರಡು: ನಿಗದಿತ ಗಾತ್ರ ದಾಟಿದ ಹ್ಯಾಲಿಬಟ್ಟನ್ನು ವಾಪಸ್ ಬಿಡಬೇಕು, ಮತ್ತು ಮೀನಿನ ತುಂಡುಗಳನ್ನು ದೇಶದಿಂದ ಹೊರಗೆ ಒಯ್ಯಲು ಮಿತಿಯಿದೆ, ನೋಂದಾಯಿತ ಪ್ರವಾಸಿ ಸಂಸ್ಥೆಯ ಕಾಗದ ಬೇಕು. ತಂಗುವ ಕ್ಯಾಬಿನ್ ನೋಂದಾಯಿತವೇ ಎಂಬುದು ಬುಕ್ ಮಾಡುವಾಗಲೇ ಗೊತ್ತಾಗಬೇಕು. ವೇಡರ್ ಬೂಟಿನ ವಿಷಯಕ್ಕೆ ಬಂದರೆ, ನ್ಯೂಜಿಲೆಂಡ್‌ನಲ್ಲಿ ಫೆಲ್ಟ್ ಅಡಿಯ ಬೂಟಿಗೆ ನಿಷೇಧ. ರಬ್ಬರ್ ಅಡಿಯದನ್ನೂ ತೊಳೆದು, ಪೂರಾ ಒಣಗಿಸಿ ಒಯ್ಯಬೇಕು, ವಿಮಾನ ನಿಲ್ದಾಣದಲ್ಲಿ ತೆಗೆದು ನೋಡುತ್ತಾರೆ.

ಈಗ ಸಲಕರಣೆ. ಲಾಡ್ಜಿನ ಬಾಡಿಗೆ ಸೆಟ್ ಬಗ್ಗೆ ಪ್ಯಾಕೇಜುಗಳು ಕೊಡುವ ಭರವಸೆಯಲ್ಲಿ ಅರ್ಧಕ್ಕರ್ಧ ನಂಬಿದರೆ ಸಾಕು. ಜಿಟಿ ಪಾಪಿಂಗ್‌ಗೆ ಬೇಕಾದದ್ದು ಪಿಇ 8ರ (ಪಿಇ ಅಂದರೆ ಲೈನಿನ ದಪ್ಪದ ಅಂಕ) ರಾಡ್, ಶಿಮಾನೊ ಸ್ಟೆಲಾ ಅಥವಾ ಡೈವಾ ಸಾಲ್ಟಿಗಾ ದರ್ಜೆಯ 14000ರಿಂದ 20000 ಗಾತ್ರದ ರೀಲ್, 80 ಪೌಂಡಿನ ಬ್ರೇಡ್ (ಹೆಣೆದ ಲೈನ್) 300 ಮೀಟರ್, ಅದರ ತುದಿಗೆ ಕಟ್ಟುವ ದಪ್ಪ ಎಳೆಯಾದ 130-170 ಪೌಂಡಿನ ನೈಲಾನ್ ಲೀಡರ್ ಎರಡು-ಮೂರು ಮೀಟರ್. ಬಾಡಿಗೆಗೆ ಸಿಕ್ಕಿದ್ದು ಹೀಗೇ ಇದ್ದರೂ ಮೊದಲ ಸಂಜೆಯೇ ಅರ್ಧ ಗಂಟೆ ಕೂತು ನೋಡಬೇಕು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ರಾಡಿನ ಪ್ರತಿ ಗೈಡ್ ಉಂಗುರದೊಳಗೆ ತಿರುಗಿಸಿ. ಸೆರಾಮಿಕ್‌ನಲ್ಲಿ ಕಣ್ಣಿಗೆ ಕಾಣದ ಕೂದಲೆಳೆ ಬಿರುಕಿದ್ದರೆ ಹತ್ತಿಯ ನೂಲು ಅಲ್ಲಿ ಸಿಕ್ಕಿಕೊಂಡು ಎದ್ದುನಿಲ್ಲುತ್ತದೆ. ಆ ಬಿರುಕಿನ ಮೇಲೆ ಬ್ರೇಡ್ ಜೋರಾಗಿ ಓಡಿದರೆ ಬ್ಲೇಡಿನ ಮೇಲೆ ಎಳೆದ ಹಾಗೆಯೇ. ತುದಿಯ ಉಂಗುರವನ್ನು ಎರಡು ಸಲ ನೋಡಿ. ಬೋಟಿನ ಅಂಚಿಗೆ ತಾಗಿ ಪೆಟ್ಟು ತಿನ್ನುವುದು ಅದೇ.

ಆಮೇಲೆ ಬ್ರೇಡ್ ಸುತ್ತಿದ ಬಿಗಿ. ಸಡಿಲವಾಗಿ ಸುತ್ತಿದ ಸ್ಪೂಲಿನಲ್ಲಿ ಮೀನು ಎಳೆದ ಕ್ಷಣ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಕಚ್ಚಿಕೊಂಡು ಕೂರುತ್ತದೆ, ಲೈನ್ ಬಿಡುವುದಿಲ್ಲ, ಪಟ್ಟನೆ ತುಂಡಾಗುತ್ತದೆ. ದೊಡ್ಡ ಮೀನು ಹೊಸ ಲೈನನ್ನೇ ಹರಿದುಕೊಂಡು ಹೋಯಿತು ಎಂಬ ಬಹಳಷ್ಟು ದೂರುಗಳ ಮೂಲ ಇದೇ. ಪೂರ್ತಿ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಹಿಡಿದು ಮೂರು-ನಾಲ್ಕು ಕೆಜಿ ಎಳೆತದಲ್ಲಿ ಮತ್ತೆ ಸುತ್ತಬೇಕು. ಹೆಬ್ಬೆರಳಲ್ಲಿ ಒತ್ತಿದರೆ ಸ್ಪೂಲ್ ಮರದ ಹಾಗೆ ಗಟ್ಟಿಯಿರಬೇಕು.

ಡ್ರ್ಯಾಗ್ ಅನ್ನು, ಅಂದರೆ ಲೈನ್ ಓಡುವುದನ್ನು ತಡೆಯುವ ರೀಲಿನ ಬ್ರೇಕನ್ನು, ಕೈ ಅಂದಾಜಿನಲ್ಲಿ ಬಿಗಿಯುವುದು ಬೇಡ, ತೂಕದ ಕೊಕ್ಕೆ ಹಾಕಿ ಅಳೆಯಿರಿ. 80 ಪೌಂಡ್ ಅಂದರೆ ಸುಮಾರು 36 ಕೆಜಿ. ಅದರ ಶೇ 30ರಷ್ಟು, ಅಂದರೆ 11 ಕೆಜಿ ಹತ್ತಿರ ಸಾಕು. ಅಳತೆ ರಾಡ್ ಬಾಗಿದ ಸ್ಥಿತಿಯಲ್ಲಿ, ಲೈನ್ ರಾಡಿನ ಎಲ್ಲ ಗೈಡ್‌ಗಳ ಮೂಲಕ ಹಾದುಬಂದ ತುದಿಯಲ್ಲಿ ಆಗಬೇಕು. ರೀಲಿನಿಂದ ನೇರವಾಗಿ ಎಳೆದು 11 ಬಂದರೆ, ಗೈಡ್‌ಗಳ ಉಜ್ಜಾಟ ಸೇರಿ ಮೀನಿಗೆ ತಗಲುವುದು ಅದಕ್ಕಿಂತ ಹೆಚ್ಚು. ಲೀಡರ್ ಜೋಡಿಸಲು ಎಫ್‌ಜಿ ಗಂಟು ಕಲಿತಿರಿ, ಗೈಡ್ ಕಟ್ಟಿಕೊಡುತ್ತಾನೆ ಎಂದು ಕೂರಬೇಡಿ. ಇಪ್ಪತ್ತು ಚಿಲ್ಲರೆ ಸುತ್ತುಗಳಾದ ಮೇಲೆ ಕೈಗವಸು ಹಾಕಿ ಎರಡೂ ತುದಿಯನ್ನು ಜಗ್ಗಿದಾಗ ಬ್ರೇಡಿನ ಬಣ್ಣ ಗಾಢವಾಗಬೇಕು, ಸುತ್ತುಗಳು ನೈಲಾನಿಗೆ ಕಚ್ಚಿರಬೇಕು. ಬಣ್ಣ ಮಾಸಲಾಗೇ ಉಳಿದರೆ ಆ ಗಂಟು ಜಾರುತ್ತದೆ. ಕತ್ತರಿಸಿ ಮತ್ತೆ ಕಟ್ಟಿ. ಪಾಪರ್ ಜೊತೆ ಬರುವ ಮೂರು ಮೊನೆಯ ಟ್ರೆಬಲ್ ಹುಕ್ ತೆಗೆದು ಒಂಟಿ ಹುಕ್ ಹಾಕಿ, ಬಾರ್ಬನ್ನು ಇಕ್ಕುಳದಲ್ಲಿ ಒತ್ತಿಬಿಡಿ. ಮೀನಿನ ಬಾಯಿಂದ ಬಿಡಿಸುವುದು ಸಲೀಸು, ಮನುಷ್ಯನ ಕೈಯಿಂದಲೂ.

ಸ್ವಂತ ರಾಡ್ ಒಯ್ಯುವುದಾದರೆ ಉದ್ದದ ಜಗಳ ವಿಮಾನದವರ ಜೊತೆ. ಬಹಳ ಕಡೆ ಬ್ಯಾಗಿನ ಉದ್ದ, ಅಗಲ, ಎತ್ತರ ಕೂಡಿ 158 ಸೆಂ.ಮೀ. ಮೀರಿದರೆ ಹೆಚ್ಚುವರಿ ಶುಲ್ಕ. ಹಿಡಿಕೆ ಮಾತ್ರ ಕಳಚುವ ಎರಡು ತುಂಡಿನ ಪಾಪಿಂಗ್ ರಾಡುಗಳ ಉದ್ದನೆಯ ಭಾಗವೇ ಈ ಅಳತೆ ದಾಟಬಹುದು. ಎಂಟು ಅಡಿಯ ಮೂರು ತುಂಡಿನ ಟ್ರಾವೆಲ್ ರಾಡ್ ಆದರೆ 90 ಸೆಂ.ಮೀ. ಕೊಳವೆಯೊಳಗೆ ಕೂರುತ್ತದೆ. ಜಾಯಿಂಟ್ ಇರುವ ರಾಡ್ ದುರ್ಬಲ ಎಂಬ ಹಳೆಯ ಅನುಮಾನ ಇಂದಿನ ಒಳ್ಳೆಯ ರಾಡುಗಳಿಗೆ ಅನ್ವಯಿಸುವುದಿಲ್ಲ; ಅವು ಮುರಿಯುವುದು ಜಾಯಿಂಟ್ ಸಡಿಲವಾದದ್ದನ್ನು ನೋಡದೆ ಎಸೆಯುತ್ತಾ ಹೋದಾಗ. ಗಂಟೆಗೊಮ್ಮೆ ತಿರುಗಿಸಿ ಬಿಗಿ ಮಾಡಿಕೊಂಡರೆ ಸಾಕು. ಕೊನೆಯ ಹಂತದ ಸಣ್ಣ ವಿಮಾನದಲ್ಲಿ ಒಟ್ಟು ಮಿತಿ 15-20 ಕೆಜಿ ಇರುವುದು ಸಾಮಾನ್ಯ. 250 ಗ್ರಾಂನ ಇಪ್ಪತ್ತು ಜಿಗ್ (ಲೋಹದ ಲ್ಯೂರ್) ತುಂಬಿಕೊಂಡರೆ ಅಲ್ಲಿಗೇ 5 ಕೆಜಿ ಹೋಯಿತು. ಹುಕ್, ಲ್ಯೂರ್, ಇಕ್ಕುಳ ಚೆಕ್-ಇನ್ ಬ್ಯಾಗಿಗೆ, ರೀಲ್ ಕೈಚೀಲಕ್ಕೆ. ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ದಾಟಿದವಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, 160 ದಾಟಿದ್ದನ್ನು ಹತ್ತಿಸಿಕೊಳ್ಳುವುದೇ ಇಲ್ಲ. ಎಲೆಕ್ಟ್ರಿಕ್ ರೀಲಿನ ಬ್ಯಾಟರಿ ಅಲ್ಲೇ ಬಾಡಿಗೆಗೆ ಸಿಗುತ್ತದೆಯೇ ಕೇಳಿ.

ದಾಖಲೆಯ ಆಸೆ ಇದ್ದವರು ಗೈಡಿಗೆ ಅದನ್ನು ಮೊದಲ ದಿನವೇ ಹೇಳಿಬಿಡಬೇಕು. 1939ರಲ್ಲಿ ಹುಟ್ಟಿದ, ಗಾಳದ ಮೀನಿನ ವಿಶ್ವದಾಖಲೆಗಳನ್ನು ಇಡುವ ಐಜಿಎಫ್‌ಎ ಸಂಸ್ಥೆಯ ನಿಯಮದ ಪ್ರಕಾರ ಮೀನು ಸಿಕ್ಕಿದ ಮೇಲೆ ರಾಡ್, ರೀಲ್, ಲೈನನ್ನು ಬೇರೆಯವರು ಮುಟ್ಟಿದರೆ ಅರ್ಜಿ ಬಿದ್ದುಹೋಗುತ್ತದೆ. ಲೀಡರ್ ಕೈಗೆ ಎಟುಕಿದ ಮೇಲಷ್ಟೇ ಅದನ್ನು ಇನ್ನೊಬ್ಬ ಹಿಡಿಯಬಹುದು. ಸಹಾಯ ಮಾಡುವ ಭರದಲ್ಲಿ ರಾಡಿಗೆ ಕೈ ಹಾಕುವ ಗೈಡ್‌ಗಳು ಎಲ್ಲ ಕಡೆ ಇದ್ದಾರೆ. ಸಮುದ್ರದಲ್ಲಿ 10 ಕೆಜಿಗಿಂತ ಹೆಚ್ಚಿನ ಲೈನಿಗೆ ಲೀಡರ್ 30 ಅಡಿ ಮೀರಬಾರದು. ತೂಕ ನೆಲದ ಮೇಲೆ ಆಗಬೇಕು, ಬೋಟಿನ ಮೇಲಿನ ತೂಕ ನಡೆಯದು. ಅಂದರೆ ಮೀನು ಸತ್ತೇ ಬರುವುದು ಹೆಚ್ಚು. ಬಿಟ್ಟ ಮೀನಿಗೂ ಅರ್ಜಿ ಹಾಕಲು 2011ರಿಂದ ಉದ್ದದ ವಿಭಾಗವಿದೆ, ಅದಕ್ಕೆ ಸಂಸ್ಥೆಯ ಅಧಿಕೃತ ಅಳತೆಪಟ್ಟಿಯೇ ಬೇಕು. ಹೊರಡುವ ಮುಂಚೆ ತರಿಸಿಟ್ಟುಕೊಳ್ಳಿ.

ದಾಖಲೆ ಬೇಡ, ತೂಕದ ಅಂದಾಜು ಸಾಕು ಅನ್ನುವವರಿಗೆ ಹಳೆಯ ಸೂತ್ರ: ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 800ರಿಂದ ಭಾಗಿಸುವುದು, ಅಳತೆ ಇಂಚಿನಲ್ಲಿ, ಉತ್ತರ ಪೌಂಡಿನಲ್ಲಿ. ಬಾಲದ ಕವಲಿನವರೆಗೆ 48 ಇಂಚು, ಸುತ್ತಳತೆ 36 ಇಂಚು ಇದ್ದ ಜಿಟಿ ಸುಮಾರು 78 ಪೌಂಡ್, 35 ಕೆಜಿ. ಸುತ್ತಳತೆಯ ಟೇಪು ಸಡಿಲವಾಗಿ 38 ತೋರಿಸಿದರೆ ಅದೇ ಮೀನು 87 ಪೌಂಡ್ ಆಗಿಬಿಡುತ್ತದೆ. ಎರಡು ಇಂಚಿಗೆ ನಾಲ್ಕು ಕೆಜಿ. ಕರಪತ್ರದ ತೂಕಗಳನ್ನು ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಓದಿ. ಫೋಟೊಗಳಲ್ಲೂ ಅಷ್ಟೇ: ತೋಳು ಪೂರ್ತಿ ಮುಂದಕ್ಕೆ ಚಾಚಿ ಹಿಡಿದ ಮೀನು, ಬೇರೆ ಬೇರೆ ವರ್ಷದ್ದು ಎಂದು ಹಾಕಿದರೂ ಒಂದೇ ಅಂಗಿಯ ಮನುಷ್ಯ, ಇವು ಕಂಡರೆ ಎಚ್ಚರವಾಗಿ. ಅತಿದೊಡ್ಡ ಮೀನಿನ ಫೋಟೊ ಬೇಡ, ಕಳೆದ ವರ್ಷ ಇದೇ ವಾರದ ದಿನಚರಿ ಕಳಿಸಿ ಎಂದು ಕೇಳಿ. ಎಷ್ಟು ಜನ, ಎಷ್ಟು ಕಚ್ಚು, ಎಷ್ಟು ಮೇಲೆ ಬಂತು, ಎಷ್ಟು ದಿನ ಗಾಳಿಗೆ ಬೋಟ್ ಬಿಡಲಿಲ್ಲ. ದಿನಚರಿಯೇ ಇಡದ ಲಾಡ್ಜಿಗೆ ನಮ್ಮಿಂದ ಐದರಲ್ಲಿ ಎರಡಕ್ಕಿಂತ ಹೆಚ್ಚು ಅಂಕ ಸಿಗುವುದಿಲ್ಲ, ಅಡುಗೆ ಎಷ್ಟೇ ಚೆನ್ನಾಗಿರಲಿ.

ಕರಾರುಪತ್ರದಲ್ಲಿ ಕಣ್ಣಿಟ್ಟು ಓದಬೇಕಾದದ್ದು ಹವಾಮಾನದ ಸಾಲು. ಬಂದರು ಅಧಿಕಾರಿಗಳು ಸಮುದ್ರ ಮುಚ್ಚಿದರೆ ಒಂದು ನಿಯಮ, ಕ್ಯಾಪ್ಟನ್ ತಾನೇ ಬೇಡವೆಂದರೆ ಇನ್ನೊಂದು ಇರುತ್ತದೆ. ಕೆಲವು ಕರಾರುಗಳಲ್ಲಿ ಎರಡಕ್ಕೂ ಹಣ ವಾಪಸಿಲ್ಲ, ಮುಂದಿನ ವರ್ಷಕ್ಕೆ ಜಮೆ ಅಷ್ಟೇ. ಎಂಜಿನ್ ಕೆಟ್ಟ ದಿನಕ್ಕೆ ಬದಲಿ ಬೋಟ್ ಯಾವುದು ಎಂದು ಹೆಸರು ಸಮೇತ ಬರೆಸಿಕೊಳ್ಳಿ. ವಿಮೆಯಲ್ಲಿ ದೂರದ ಜಾಗದಿಂದ ಆಸ್ಪತ್ರೆಗೆ ಎತ್ತಿಕೊಂಡು ಹೋಗುವ ಖರ್ಚು ಸೇರಿದೆಯೇ, ದಡದಿಂದ ಇಷ್ಟು ದೂರ ದಾಟಿದರೆ ಅನ್ವಯಿಸದು ಎಂಬ ಷರತ್ತು ಇದೆಯೇ ನೋಡಿ. ಟಿಪ್ಸ್, ಲೈಸೆನ್ಸ್, ಕಳೆದುಹೋದ ಲ್ಯೂರಿನ ಬೆಲೆ, ಇವು ಬಹುಪಾಲು ಪ್ಯಾಕೇಜಿನ ಹೊರಗೇ ಇರುತ್ತವೆ. ಹೋಗುವಾಗ ದೊಡ್ಡ ವಿಮಾನಕ್ಕೂ ಸಣ್ಣ ವಿಮಾನಕ್ಕೂ ನಡುವೆ ಒಂದು ರಾತ್ರಿ ಬಿಡಿ; ರಾಡಿನ ಕೊಳವೆ ಒಂದು ವಿಮಾನ ತಡವಾಗಿ ಬರುವುದು ಅಪರೂಪವಲ್ಲ, ನೀವು ಮುಂದೆ ಹೋಗಿಬಿಟ್ಟರೆ ಅದು ಲಾಡ್ಜಿಗೆ ತಲುಪುವಷ್ಟರಲ್ಲಿ ವಾರ ಮುಗಿದಿರುತ್ತದೆ.